ನೆಲ ಡೊಂಕು

ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೆನೆ ಬಣ್ಣದ ಒಂದು ಫಿಯೆಟ್ ಕಾರು ನಿಂತಿದೆ. ಫಿಯೆಟ್ ಎನ್ನುವುದು ಬಾಯಿಮಾತು. ಕಾಗದಪತ್ರದಲ್ಲಿ ಅದರ ಹೆಸರು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಕಾರನ್ನು ಬೊಂಬಾಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದವರು 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ರಾಣಿಯ ಹೆಸರಿಟ್ಟರು. ನಮ್ಮದು 1985ರಲ್ಲಿ ಹುಟ್ಟಿದ ಪದ್ಮಿನಿ. ನಮ್ಮವರು 1992ರಲ್ಲಿ ಒಬ್ಬ ಕಾಫಿ ತೋಟದವರಿಂದ ಎರಡನೆಯ ಕೈಯಾಗಿ ಕೊಂಡು ತಂದದ್ದು. ಆವತ್ತು ನಮ್ಮ ಅತ್ತೆ ಅದರ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮೂತಿಗೆ ಕುಂಕುಮ ಹಚ್ಚಿ, ಆಮೇಲೆ ಸೊಸೆಯನ್ನು ಬರಮಾಡಿಕೊಂಡ ಹಾಗೆಯೇ ಒಂದು ಕೊಂಕೂ ತೆಗೆದಿದ್ದರು. "ಮೂತಿ ಚೆನ್ನಾಗಿದೆ, ಸೊಂಟ ಸ್ವಲ್ಪ ಅಗಲ."

ಐವತ್ತು ವರ್ಷ ತುಂಬಿದ, ಮೂಲ ರೂಪ ಕೆಡದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂತು. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಅತ್ತೆ ವಿಂಟೇಜ್, ನಾನು ವಿಂಟೇಜ್, ಕಾರು ಮಾತ್ರ ಇನ್ನೂ ಹುಡುಗಿ. ಆದರೂ ಮುದುಕಿ ಎಂಬ ಹೆಸರು ಬಂದಿರುವುದು ಅದಕ್ಕೇ. "ಅಮ್ಮಾ, ಆ ಮುದುಕೀನ ಗುಜರಿಗೆ ಹಾಕಿ, ಒಂದು ಸಣ್ಣ ಹೊಸ ಕಾರು ತಗೋ" ಎಂದು ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳುವುದು ಯುಗಾದಿ, ಗೌರಿಹಬ್ಬ, ದೀಪಾವಳಿಗಳಷ್ಟೇ ನಿಯಮಿತ. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗಂತೂ ಅವನಿಗೆ ಸರ್ಕಾರವೇ ತನ್ನ ಪರ ಸಾಕ್ಷಿ ಹೇಳಿದಷ್ಟು ಸಂತೋಷವಾಗಿತ್ತು.

ನಾನು ಕಾರು ಕಲಿತದ್ದು ತಡವಾಗಿ. ನಮ್ಮವರು 2016ರಲ್ಲಿ ಹೋದರು. ಒಂದು ವರ್ಷ ಕಾರು ಶೆಡ್ಡಿನಲ್ಲಿ ಧೂಳು ತಿಂದಿತು. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೋದವರ ಮುಂದೆ ಪ್ರತಿ ಸಲ ಅಂಗಲಾಚಿ ಅಂಗಲಾಚಿ ಸಾಕಾಗಿ, ಐವತ್ನಾಲ್ಕನೆಯ ವಯಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದೆ. ನಮ್ಮ ಪದ್ಮಿನಿಗೆ ಗೇರು ಕಾಲ ಬಳಿ ಇಲ್ಲ, ಸ್ಟಿಯರಿಂಗಿನ ಕತ್ತಿನಲ್ಲೇ ಇದೆ. ಕಲಿಸಿದ ಹುಡುಗನೇ ಅದನ್ನು ಕಂಡು ಬೆವರಿದ. ನನಗೆ ಬೇರೆ ಕಾರು ಗೊತ್ತಿರಲಿಲ್ಲವಾದ್ದರಿಂದ ಗೇರು ಇರಬೇಕಾದದ್ದೇ ಅಲ್ಲಿ ಎಂದುಕೊಂಡು ಕಲಿತುಬಿಟ್ಟೆ.

ಈಗ ಆ ಮುಳ್ಳಿನ ವಿಷಯಕ್ಕೆ ಬರುತ್ತೇನೆ. ಚಾಲಕರ ಕಣ್ಣೆದುರು ಗಾಜಿನ ಹಿಂದೆ ಕೆಲವು ಮುಳ್ಳುಗಳಿರುತ್ತವಲ್ಲ, ಅವು ಕಾರಿನ ನಾಡಿ. ಎಷ್ಟು ವೇಗ, ಎಷ್ಟು ಪೆಟ್ರೋಲ್, ಇಂಜಿನ್ನಿಗೆ ಎಷ್ಟು ಜ್ವರ ಎಲ್ಲವನ್ನೂ ಅವೇ ಹೇಳಬೇಕು. ನಮ್ಮ ಕಾರಿನ ನಾಡಿ ಮೊದಲಿನಿಂದಲೂ ಸ್ವಲ್ಪ ವಿಚಿತ್ರ. ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ, ಟಿಕ್ ಟಿಕ್ ಎಂಬ ತಾಳಕ್ಕೆ ಸರಿಯಾಗಿ ಪೆಟ್ರೋಲ್ ಮುಳ್ಳೂ ಹೆಜ್ಜೆ ಹಾಕುತ್ತಿತ್ತು. ರಾತ್ರಿ ದೀಪ ಹಾಕಿದರೆ ಜ್ವರದ ಮುಳ್ಳು ಇದ್ದಕ್ಕಿದ್ದ ಹಾಗೆ ಒಂದು ಗೆರೆ ಸರಿಯುತ್ತಿತ್ತು. ನಮ್ಮವರ ಹತ್ತಿರ ಇದಕ್ಕೆಲ್ಲ ಒಂದೇ ಮದ್ದು. ತೋರುಬೆರಳು ಮಡಿಸಿ ಗಾಜಿನ ಮೇಲೆ ಎರಡು ಸಲ ತಟ್ಟುವರು. ಮುಳ್ಳು ಬೆಚ್ಚಿಬಿದ್ದು ಎಲ್ಲಾದರೂ ಒಂದು ಕಡೆ ನಿಲ್ಲುವುದು. "ಸರಿ ಹೋಯ್ತು" ಎನ್ನುವರು. ನಾನೂ ಅದನ್ನೇ ಕಲಿತೆ. ಪತಿವ್ರತೆಯ ಲಕ್ಷಣ ಎನ್ನಿ.

ಎರಡು ವರ್ಷದ ಹಿಂದೆ, ಮಾಘ ಮಾಸದಲ್ಲಿ, ಚಿಕ್ಕಮಗಳೂರಿನಲ್ಲಿ ನೆಂಟರ ಮನೆಯ ಮದುವೆ. ಅತ್ತೆ ಬರುತ್ತೇನೆ ಎಂದರು. ಎಂಬತ್ತನಾಲ್ಕು ವರ್ಷ, ಸಕ್ಕರೆ ಕಾಯಿಲೆ, ಮಂಡಿನೋವು; ಆದರೂ ಮದುವೆ ಊಟ ಎಂದರೆ ಅವರ ಕಾಲಿಗೆ ರೆಕ್ಕೆ. ಹೊರಟಾಗ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಬೇಲೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗಲೂ ಅರ್ಧ. ಚಿಕ್ಕಮಗಳೂರು ತಲುಪಿದಾಗಲೂ ಅರ್ಧ. ದ್ರೌಪದಿಗೆ ಅಕ್ಷಯಪಾತ್ರೆ ಸಿಕ್ಕಿದಾಗ ಅವಳೂ ಅದರ ತಳ ಬಡಿದು ನೋಡಿರಲಿಕ್ಕಿಲ್ಲ. ನಾನೂ ನೋಡಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಅಕ್ಕಿ ಡಬ್ಬ, ಬೇಳೆ ಡಬ್ಬಗಳ ತಳ ಕಂಡವಳು ಆವತ್ತು ಏಕೆ ಮೈಮರೆತೆನೋ, ಅದು ನನ್ನದೇ ತಪ್ಪು. ಒಪ್ಪುತ್ತೇನೆ.

ಹಿಂದಿರುಗುವಾಗ, ಬೇಲೂರು ದಾಟಿ, ಹಗರೆಯನ್ನೂ ದಾಟಿದ ಮೇಲೆ, ರಾತ್ರಿ ಎಂಟರ ಹೊತ್ತಿಗೆ ಕಾರು ಎರಡು ಸಲ ಕೆಮ್ಮಿ ನಿಂತಿತು. ಸುತ್ತ ಕತ್ತಲೆ. ಬೀಗ ತಿರುಗಿಸಿದರೆ ಮುಳ್ಳು ನಿಷ್ಠೆಯಿಂದ ಎದ್ದು ಅರ್ಧಕ್ಕೆ ಬಂದು ನಿಲ್ಲುತ್ತದೆ. ಪೆಟ್ರೋಲ್ ಇದೆ, ಹಾಗಾದರೆ ಇನ್ನೇನು ಕೆಟ್ಟಿತು ಎಂದು ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಅತ್ತೆ ಕಿಟಕಿಯಿಂದ ಕೂಗಿದರು, "ಅವನು ಗಾಜು ತಟ್ಟುತ್ತಿದ್ದ ಕಣೇ, ತಟ್ಟಿ ನೋಡು." ತಟ್ಟಿದೆ. ಮುಳ್ಳು ಅರ್ಧದಿಂದ ಮುಕ್ಕಾಲಿಗೆ ಹೋಯಿತು!

ಸುಮಾರು ಒಂದು ಗಂಟೆ ಹಾಗೇ ಕುಳಿತೆವು. ಅತ್ತೆಗೆ ರಾತ್ರಿಯ ಊಟ, ಮಾತ್ರೆಯ ಹೊತ್ತು ಮೀರುತ್ತಿತ್ತು. ಅವರ ಕೈ ಮುಟ್ಟಿದೆ, ತಣ್ಣಗೆ ಬೆವರಿತ್ತು. "ಏನಾಗ್ತಿದೆ ಅತ್ತೆ?" ಎಂದರೆ "ಏನೂ ಇಲ್ಲ, ಹೊಟ್ಟೆ ತುಂಬಿದೆ, ಚೆನ್ನಾಗಿದೀನಿ" ಎಂದರು. ಧ್ವನಿ ಮಾತ್ರ ತೊದಲುತ್ತಿತ್ತು. ಮದುವೆ ಮನೆಯ ತಾಂಬೂಲದ ಚೀಲದಲ್ಲಿದ್ದ ಲಾಡು ಮುರಿದು ಬಾಯಿಗಿಟ್ಟೆ. ಹತ್ತು ನಿಮಿಷದ ಮೇಲೆ ಬೆವರು ನಿಂತಿತು. ಅಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ನಿಲ್ಲಿಸಿ, ಕಾರನ್ನು ಅಲುಗಾಡಿಸಿ, ಟ್ಯಾಂಕಿಗೆ ಕಿವಿಯಿಟ್ಟು ಕೇಳಿ, "ಆಂಟಿ, ಒಳಗೆ ಒಂದು ತೊಟ್ಟೂ ಇಲ್ಲ" ಎಂದು ನಕ್ಕರು. ಎಲ್ಲಿಂದಲೋ ಎರಡು ಲೀಟರ್ ತಂದುಕೊಟ್ಟರು. ಅವರ ಹೊಟ್ಟೆ ತಣ್ಣಗಿರಲಿ.

ಮನೆ ಸೇರಿದ ಮೇಲೆ ಮಗನಿಗೆ ಫೋನ್ ಮಾಡಿದೆ. ಮುಳ್ಳು ಅರ್ಧ ತೋರಿಸುತ್ತಿತ್ತು ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಅಮ್ಮಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ನೋಡಿರಲ್ಲ ಅಷ್ಟೆ. ಇನ್ನು ಮೇಲೆ ಅಜ್ಜೀನ ಆ ಕಾರಲ್ಲಿ ಕರ್ಕೊಂಡು ಹೋಗಬೇಡ. ಮಾರಿಬಿಡು" ಎಂದ. ಮಗ ಒಳ್ಳೆಯವನೇ. ಭಯಕ್ಕೆ ಹೇಳಿದ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಆ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಸಾವಿರಾರು ಮಕ್ಕಳಿಗೆ ಹೇಳಿದವಳಿಗೇ ಅದು ತಿರುಗಿ ಬಂದು ಎದೆಗೆ ತಾಗಿತು. ಕಾರು ಹೋದರೆ ಏನು ಹೋಗುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಆಟೋದವರ ಮುಂದೆ ಮತ್ತೆ ಕೈಚಾಚಿ ನಿಲ್ಲುವುದು ನನಗೆ ಬೇಕಿರಲಿಲ್ಲ.

ಮರುವಾರ ಕಾರನ್ನು ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಅವರು ಮುಳ್ಳಿನ ಪೆಟ್ಟಿಗೆಯನ್ನೇ ಬದಲಾಯಿಸಿದರು. ಎಲ್ಲಿಂದಲೋ ಹುಡುಕಿ ತಂದ ಹಳೆಯ ಗೇಜು, ಅದಕ್ಕೆ 1,800 ರೂಪಾಯಿ. ಹೊಸ ಮುಳ್ಳು ಹಳೆಯ ಮುಳ್ಳಿಗಿಂತ ಚೆನ್ನಾಗಿ ಕುಣಿಯಿತು. ಇನ್ನೊಂದು ಕಡೆಗೆ ಹೋದೆ. ಅಲ್ಲಿನವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ, ನಾಲಿಗೆ ಚಪ್ಪರಿಸಿ, "ವೈರಿಂಗ್ ಪೂರ್ತಿ ಹೋಗಿದೆ, ಹೊಸದು ಎಳೀಬೇಕು, ಇಪ್ಪತ್ತೆರಡು ಸಾವಿರ" ಎಂದರು. ಎರಡು ಕಡೆಯೂ ಒಂದು ಸಂಗತಿ ಗಮನಿಸಿದೆ. ನಾನು ಪ್ರಶ್ನೆ ಕೇಳಿದರೆ ಉತ್ತರವನ್ನು ನನ್ನ ಜೊತೆ ಬಂದಿದ್ದ ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಹೇಳುತ್ತಿದ್ದರು. ಅವನಿಗೆ ಸೈಕಲ್ ಪಂಕ್ಚರ್ ಹಾಕಲೂ ಬಾರದು.

ಹಳೆಯ ಫಿಯೆಟ್ಟುಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದ ಒಬ್ಬ ಎಲೆಕ್ಟ್ರಿಷಿಯನ್ ಅಜ್ಜ ನಮ್ಮ ಬಡಾವಣೆಯ ಹಿಂದಿನ ಬೀದಿಯಲ್ಲೇ ಇದ್ದಾರೆ ಎಂದು ಹಾಲು ಹಾಕುವವಳು ಹೇಳಿದಳು. ಹುಡುಕಿಕೊಂಡು ಹೋದೆ. ಜಗುಲಿಯ ಮೇಲೆ ಕುಳಿತು ರೇಡಿಯೋ ಕೇಳುತ್ತಿದ್ದರು. ಎರಡೂ ಕಣ್ಣಿಗೆ ಪೊರೆ, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ವಿಷಯ ಹೇಳಿದೆ. "ಇಂಡಿಕೇಟರ್ ಹಾಕಿದರೆ ಮುಳ್ಳು ಕುಣಿಯುತ್ತಾ?" ಎಂದರು. ಹೌದೆಂದೆ. "ಹಾಗಾದರೆ ಮುಳ್ಳಿಂದೇನೂ ತಪ್ಪಿಲ್ಲಮ್ಮ. ಅರ್ತು ಸರಿ ಇಲ್ಲ. ನೆಲ ಸರಿ ಇಲ್ಲ" ಎಂದರು.

ನೆಲ! ನನಗೆ ಮೈ ಜುಂ ಎಂದಿತು.

"ಬಂದು ನೋಡಿಕೊಡ್ತೀರಾ?" ಎಂದೆ. "ನೋಡೋದು ಹೇಗಮ್ಮ, ಕೆಂಪು ವೈರು ಯಾವುದು ಕಪ್ಪು ಯಾವುದು ಅಂತ ನನಗೆ ಕಾಣಲ್ಲ. ಬರ್ತೀನಿ, ನಾನು ಹೇಳ್ತೀನಿ, ನೀವು ಮಾಡಿ" ಎಂದರು.

ಹಾಗೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಶೆಡ್ಡಿನಲ್ಲಿ ಪಾಠಶಾಲೆ ತೆರೆಯಿತು. ಗುರುಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅತ್ತೆ ಬಾಗಿಲಲ್ಲಿ ಮಣೆ ಹಾಕಿಕೊಂಡು, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಒಳಗೆ. ಗುರುಗಳ ಮೊದಲ ಅಪ್ಪಣೆ, "ಕೈಬಳೆ ತೆಗೆದಿಡಿ."

ನಾನು ತಡೆದೆ. ಓದುವ ಅಕ್ಕತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮವರು ಹೋದ ಹನ್ನೊಂದನೆಯ ದಿನ, ನೆಂಟರ ಹೆಂಗಸರು ಸುತ್ತ ಕುಳಿತು ನನ್ನ ಕೈ ನೋಡುತ್ತಿದ್ದಾಗ, "ಅವಳ ಕೈಗೆ ಯಾರೂ ಕೈ ಹಾಕಬೇಡಿ" ಎಂದವರು ನಮ್ಮ ಅತ್ತೆ. ಅವರ ಕೈ ಮೂವತ್ತಾರನೆಯ ವಯಸ್ಸಿನಿಂದಲೇ ಬೋಳು. ಅಂದಿನಿಂದ ನಾನು ಎರಡು ಚಿನ್ನದ ಬಳೆ, ನಾಲ್ಕು ಗಾಜಿನ ಬಳೆಗಳನ್ನು ಸ್ನಾನದಲ್ಲೂ ತೆಗೆದಿರಲಿಲ್ಲ. ಅಜ್ಜನಿಗೆ ನನ್ನ ಮೌನ ಅರ್ಥವಾಗಲಿಲ್ಲ. ಬ್ಯಾಟರಿಯ ಕಂಬಕ್ಕೂ ಕಾರಿನ ಮೈಗೂ ನಡುವೆ ಚಿನ್ನದ ಬಳೆ ಸಿಕ್ಕಿಬಿದ್ದರೆ, ಹನ್ನೆರಡು ವೋಲ್ಟ್ ಶಾಕ್ ಹೊಡೆಯದಿದ್ದರೂ ಬಳೆ ಕೆಂಡದ ಹಾಗೆ ಕಾದು ಮಣಿಕಟ್ಟು ಸುಟ್ಟುಹೋಗುತ್ತದೆ ಎಂದು ವಿವರಿಸಿದರು. ಅತ್ತೆ ಬಾಗಿಲಿನಿಂದಲೇ ತೀರ್ಪು ಕೊಟ್ಟರು. "ಜನ ಹೇಳಿದರೆ ತೆಗೀಬೇಡ. ಬ್ಯಾಟರಿ ಹೇಳಿದರೆ ತೆಗಿ." ಒಂದೊಂದಾಗಿ ತೆಗೆದು ಅವರ ಮಡಿಲಿಗೆ ಹಾಕಿದೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಸಿದರು. ಯಾವ ತಂತಿಯ ಕೆಲಸಕ್ಕೂ ಅದೇ ಗಣಪತಿ ಪೂಜೆಯಂತೆ.

ಆಮೇಲೆ ಪಾಠ. ಮನೆಯ ಕರೆಂಟಿಗೆ ಅರ್ತಿಂಗ್ ಎಂದು ಅಂಗಳದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬುವುದನ್ನು ನಾವೆಲ್ಲ ನೋಡಿದ್ದೇವೆ. ಕಾರು ರಬ್ಬರಿನ ಚಕ್ರದ ಮೇಲೆ ನಿಂತಿರುವಂಥದ್ದು, ಅದಕ್ಕೆ ಭೂಮಿ ಎಲ್ಲಿ? ಅದರ ಕಬ್ಬಿಣದ ಮೈಯೇ ಅದಕ್ಕೆ ನೆಲ. ಬ್ಯಾಟರಿಯ ಒಂದು ತುದಿ ಆ ಮೈಗೆ ಕಟ್ಟಿರುತ್ತದೆ. ಇನ್ನೊಂದು ತುದಿಯಿಂದ ಹೊರಟ ಕರೆಂಟು ದೀಪಕ್ಕೆ, ಹಾರ್ನಿಗೆ, ಮುಳ್ಳಿಗೆ ತಂತಿಯಲ್ಲಿ ಹೋಗಿ, ಕೆಲಸ ಮುಗಿಸಿ, ಮೈಯ ಮೂಲಕ ಮನೆಗೆ ಮರಳಬೇಕು. "ಹೋಗೋಕೆ ಎಲ್ಲರಿಗೂ ಬೇರೆ ಬೇರೆ ದಾರಿ, ಬರೋಕೆ ಒಂದೇ ದಾರಿ" ಎಂದರು ಅಜ್ಜ. ಮರಳುವ ದಾರಿ ಕೆಟ್ಟರೆ ಇಂಡಿಕೇಟರಿನ ಕರೆಂಟು ಪೆಟ್ರೋಲ್ ಮುಳ್ಳಿನ ಮನೆಯೊಳಗಿಂದ ನುಗ್ಗಿ ಹೋಗುತ್ತದೆ. ಆಗ ಮುಳ್ಳು ಕುಣಿಯುತ್ತದೆ. ಕುಣಿಯುವವಳ ತಪ್ಪಲ್ಲ.

ಪೆಟ್ರೋಲ್ ಮುಳ್ಳಿನ ಗುಟ್ಟೂ ಸರಳವೇ. ಟ್ಯಾಂಕಿನಲ್ಲಿ ಒಂದು ತೇಲುಬುಂಡೆ, ಅದಕ್ಕೊಂದು ಕೈ. ಪೆಟ್ರೋಲ್ ಇಳಿದಂತೆ ಬುಂಡೆ ಇಳಿಯುತ್ತದೆ, ಕೈ ಇಳಿದಂತೆ ಕರೆಂಟಿನ ದಾರಿಯಲ್ಲಿ ತಡೆ ಹೆಚ್ಚುತ್ತದೆ, ಮುಳ್ಳು ಖಾಲಿಯ ಕಡೆ ವಾಲುತ್ತದೆ. ನಮ್ಮ ಕಾರಿನಲ್ಲಿ ಟ್ಯಾಂಕಿನ ಬಳಿ ತಂತಿ ಕಳಚಿದರೆ ಮುಳ್ಳು ಖಾಲಿಗೆ ಬೀಳಬೇಕು, ಅದೇ ತಂತಿಯನ್ನು ಮೈಗೆ ಮುಟ್ಟಿಸಿದರೆ ತುಂಬಿದೆ ಎಂದು ಹೇಳಬೇಕು. ಕೆಲವು ಕಾರುಗಳಲ್ಲಿ ಇದು ತಿರುಗುಮುರುಗು.

"ಟ್ಯಾಂಕಿನ ತಲೆ ಮೇಲಿನ ತಂತಿ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಪೆಟ್ರೋಲ್ ಇರೋ ಜಾಗ, ಕಿಡಿ ಹಾರಬಾರದು. ಈಗ ಬ್ಯಾಟರಿ ಕಟ್ಟಿ, ಬೀಗ ತಿರುಗಿಸಿ. ಮುಳ್ಳು ಎಲ್ಲಿದೆ?"

ನೋಡಿದೆ. ಅರ್ಧ! ಟ್ಯಾಂಕಿಗೂ ಮುಳ್ಳಿಗೂ ಸಂಬಂಧವೇ ಕಡಿದಿದೆ, ಆದರೂ ಅರ್ಧ ಟ್ಯಾಂಕ್ ಇದೆ ಎನ್ನುತ್ತಿದೆ. ಅಜ್ಜ ತೊಡೆ ತಟ್ಟಿ ನಕ್ಕರು. ಬೀಗ ಆರಿಸಿ, ಮುಳ್ಳಿನ ಹಿಂದಿರುವ ಆ ತಂತಿಯ ಇನ್ನೊಂದು ತುದಿಯನ್ನೂ ಕಳಚಿಸಿ, ಮತ್ತೆ ಬೀಗ ತಿರುಗಿಸಿಸಿದರು. ಈ ಸಲ ಮುಳ್ಳು ಸೀದಾ ಖಾಲಿಗೆ ಬಿತ್ತು. "ಮುಳ್ಳು ನಿರಪರಾಧಿ. ಬುಂಡೆ ನಿರಪರಾಧಿ. ಕಳ್ಳ ನಡುವೆ ಇದ್ದಾನೆ. ತಂತಿ ಹಿಡಿದು ಹೋಗಿ" ಎಂದರು.

ಚಾಪೆ ಎತ್ತಿ, ಹಿಂದಿನ ಸೀಟು ತೆಗೆದು, ಬೆರಳಲ್ಲಿ ತಂತಿ ಸವರುತ್ತ ಹೋದೆ. ಸೀಟಿನ ಹಿಂದೆ ತಗಡಿನಲ್ಲಿ ಒಂದು ತೂತು. ಅಲ್ಲಿ ತಂತಿಗೆ ರಬ್ಬರಿನ ಬಳೆ ಇರಬೇಕಿತ್ತು. ಅದು ಎಂದೋ ಒಣಗಿ ಉದುರಿಹೋಗಿದೆ. ತಗಡಿನ ಅಂಚು ತಂತಿಯ ಮೇಲ್ಚರ್ಮವನ್ನು ತೇದು ತೇದು ಒಳಗಿನ ತಾಮ್ರ ತುಕ್ಕಿನ ಮೇಲೆ ಒರಗಿಕೊಂಡಿದೆ. ಪೂರ್ತಿ ಮುಟ್ಟಿದ್ದರೆ ಮುಳ್ಳು ಟ್ಯಾಂಕ್ ತುಂಬಿದೆ ಎನ್ನುತ್ತಿತ್ತು. ತುಕ್ಕಿನ ಮೂಲಕ ಅರ್ಧಂಬರ್ಧ ಮುಟ್ಟಿದ್ದರಿಂದ ಅರ್ಧ ಎನ್ನುತ್ತಿತ್ತು. ಕಾರು ಮಾಡಿದವರನ್ನು ದೂರುವಂತಿಲ್ಲ. ನಲವತ್ತು ವರ್ಷಕ್ಕೆ ಯಾವ ರಬ್ಬರು ತಾನೇ ಉಳಿದೀತು?

ಇದನ್ನೆಲ್ಲ ಅತ್ತೆಗೆ ಹೇಳಿದಾಗ ಅವರು, "ಮುಟ್ಟಬಾರದ ಕಡೆ ಮುಟ್ಟಿದೆ ಅನ್ನು. ಮಡಿ ಕೆಟ್ಟಿದೆ" ಎಂದರು. ಅಜ್ಜ, "ಇನ್ನೊಂದು ಉಂಟು ತಾಯಿ, ಮುಟ್ಟಬೇಕಾದ ಕಡೆ ಮುಟ್ಟಿಲ್ಲದ್ದು" ಎಂದರು.

ಅದನ್ನು ಹುಡುಕಲು ಡ್ಯಾಶ್‌ಬೋರ್ಡಿನ ಹಿಂದಕ್ಕೆ ಕೈ ಹಾಕಬೇಕಾಯಿತು. ಅಜ್ಜ ತಮ್ಮ ಚೀಲದಿಂದ ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದ ಒಂದು ಸಾಧನ ತೆಗೆದರು. ಒಂದು ತಂತಿಯನ್ನು ಕರೆಂಟಿರುವ ಕಡೆ ಸಿಕ್ಕಿಸಿ, ಇನ್ನೊಂದನ್ನು ಕಾರಿನ ಬಾಗಿಲ ಬಳಿಯ ಬರಿಯ ಕಬ್ಬಿಣಕ್ಕೆ ಮುಟ್ಟಿಸಿದಾಗ ಬಲ್ಬು ಹೊಳೆಯಿತು. ಅದನ್ನೇ ಮುಳ್ಳುಗಳ ಪೆಟ್ಟಿಗೆಯ ಲೋಹಕ್ಕೆ ಮುಟ್ಟಿಸಿದೆ. "ಹೇಗೆ ಉರಿತಿದೆ?" "ಎಣ್ಣೆ ತೀರಿದ ನಂದಾದೀಪದ ಹಾಗೆ." "ಅಲ್ಲೇ ನೋಡಿ, ಕಪ್ಪು ತಂತಿ ಎಲ್ಲಿಗೆ ಹೋಗುತ್ತೆ?"

ಕಪ್ಪು ತಂತಿ ಕಾರ್ಖಾನೆಯವರು ಇಟ್ಟ ಜಾಗದಲ್ಲಿ ಇರಲಿಲ್ಲ. ಅದನ್ನು ಯಾರೋ ಅಲ್ಲಿಂದ ಬಿಚ್ಚಿ, ಇನ್ನೊಂದು ತುಂಡು ಸೇರಿಸಿ, ಪಕ್ಕದ ಒಂದು ಪಟ್ಟಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಪಟ್ಟಿಗೆ ದಪ್ಪ ಬಣ್ಣ. ಬಣ್ಣದ ಮೇಲೆ ಕರೆಂಟು ಹರಿಯದು. ಸ್ಕ್ರೂವಿನ ಹಲ್ಲು ಎಲ್ಲೋ ಒಂದೆಳೆ ಕಬ್ಬಿಣ ಕಚ್ಚಿಕೊಂಡಿದ್ದಷ್ಟು ದಿನ ನಡೆದಿದೆ, ಆಮೇಲೆ ಅದೂ ತುಕ್ಕು. ಜೋಡಿಸಿದ ಜಾಗಕ್ಕೆ ಗ್ಯಾರೇಜಿನವರ ಕಪ್ಪು ಟೇಪು ಸುತ್ತಿರಲಿಲ್ಲ. ಬಿಳಿಯ ಔಷಧದ ಪಟ್ಟಿ ಸುತ್ತಿತ್ತು, ಗಾಯಕ್ಕೆ ಅಂಟಿಸುವಂಥದ್ದು.

ಆ ಪಟ್ಟಿಯ ಗುರುತು ನನಗೆ ಹತ್ತಿತು. 1998ರಲ್ಲಿ ನಮ್ಮವರು ಕಾರಿಗೆ ತಾವೇ ಟೇಪ್‌ರೆಕಾರ್ಡರ್ ಕೂರಿಸುತ್ತೇನೆಂದು ಎರಡು ದಿನ ಶೆಡ್ಡಿನಲ್ಲಿ ಸೇರಿಕೊಂಡಿದ್ದರು. ಬೆರಳು ಕೊಯ್ದುಕೊಂಡು ಒಳಗೆ ಬಂದವರಿಗೆ ನಾನೇ ಔಷಧದ ಪಟ್ಟಿಯ ಸುರುಳಿ ಕೊಟ್ಟಿದ್ದೆ. ಅದು ಹಿಂದಿರುಗಿ ಬಂದಿರಲಿಲ್ಲ. ಆವತ್ತು ಸಂಜೆ ಕಾರಿನಲ್ಲಿ ಹಾಡು ಬಂತು. ಮುಳ್ಳು ಕುಣಿಯಲು ಶುರುವಾದದ್ದೂ ಆವತ್ತಿನಿಂದಲೇ ಇರಬೇಕು. ಮೊದಲಿನಿಂದಲೂ ಹಾಗೇ ಎಂದು ನಾನು ತಿಳಿದದ್ದೂ ತಪ್ಪೇ ಆಯಿತು. ಅವರೇ ಕೆಡಿಸಿ, ಅವರೇ ಗಾಜು ತಟ್ಟಿ, "ಸರಿ ಹೋಯ್ತು" ಎನ್ನುತ್ತ ಹದಿನೆಂಟು ವರ್ಷ ಓಡಿಸಿದ್ದರು!

ಕಾರಿನ ಒಳಗೆ ಅಂಗಾತ ಮಲಗಿ, ಆ ಬಿಳಿಪಟ್ಟಿಯನ್ನು ಹಿಡಿದುಕೊಂಡು ನಾನು ನಕ್ಕೆನೋ ಅತ್ತೆನೋ ಹೇಳಲಾರೆ. ಸಿಟ್ಟಂತೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಕೊನೆಯ ವರ್ಷ ಅವರು ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದರು. "ಏನಾಯ್ತು?" ಎಂದರೆ "ಗ್ಯಾಸು" ಎನ್ನುವರು. ಎದೆಯ ಮೇಲೆ ಎರಡು ಸಲ ಅಂಗೈಯಲ್ಲಿ ತಟ್ಟಿಕೊಂಡು, "ಸರಿ ಹೋಯ್ತು" ಎನ್ನುವರು. ನಾನು ಓಮದ ನೀರು ಕಾಯಿಸಿ ಕೊಡುತ್ತಿದ್ದೆ. ಕೇಳಿದೆ, ಹೇಳಿದರು, ನಂಬಿದೆ. ಅದು ಗ್ಯಾಸಲ್ಲ ಎಂದು ಆಸ್ಪತ್ರೆಯಲ್ಲಿ ತಿಳಿದಾಗ ಹೊತ್ತು ಮೀರಿತ್ತು.

ಇಷ್ಟು ವರ್ಷ ಅದನ್ನು ಅವರು ನನಗೆ ಹೇಳಿದ ಸುಳ್ಳು ಎಂದೇ ಮನಸ್ಸಿನಲ್ಲಿಟ್ಟುಕೊಂಡು ನೊಂದಿದ್ದೆ. ಆ ದಿನ ಕಾರಿನಲ್ಲಿ ಮಲಗಿದ್ದಾಗ ಬೇರೆ ಯೋಚನೆ ಬಂತು. ಮುಳ್ಳು ಸುಳ್ಳು ಹೇಳುವುದಿಲ್ಲ. ತಂತಿ ತಂದು ಮುಟ್ಟಿಸಿದ್ದನ್ನಷ್ಟೇ ಅದು ಹೇಳುತ್ತದೆ. ಟ್ಯಾಂಕನ್ನು ಅದು ಕಂಡೇ ಇಲ್ಲ. ಅವರಿಗೂ ತಮ್ಮ ಎದೆಯಿಂದ ಸುದ್ದಿ ಸರಿಯಾಗಿ ಬಂದಿರಲಿಲ್ಲವೇನೋ. ತಪ್ಪು ಮುಳ್ಳಿನದಲ್ಲ, ಮುಳ್ಳೊಂದನ್ನೇ ನೋಡಿಕೊಂಡು ಟ್ಯಾಂಕಿನ ಮುಚ್ಚಳ ತೆಗೆಯದೆ ಇದ್ದದ್ದು. ಇದರಿಂದ ದುಃಖವೇನೂ ಕಡಿಮೆಯಾಗಲಿಲ್ಲ. ಸಿಟ್ಟು ಮಾತ್ರ ಇಳಿಯಿತು.

"ಅಮ್ಮಾ, ಸಿಕ್ತಾ?" ಎಂದು ಅಜ್ಜ ಕೂಗಿದರು. "ಸಿಕ್ತು" ಎಂದೆ.

ಮತ್ತೆ ಬ್ಯಾಟರಿಯ ತಂತಿ ಕಳಚಿ ಕೆಲಸ ಶುರು. ತೇದುಹೋದ ಕಡೆ ತಂತಿಯನ್ನು ಕತ್ತರಿಸಿ ಹೊಸ ತುಂಡು ಬೆಸೆದೆವು. ಬೆಸುಗೆ ಹಾಕುವಾಗ ಮಾತ್ರ ಅಜ್ಜನೇ ನನ್ನ ಕೈ ಮೇಲೆ ಕೈ ಇಟ್ಟರು. ತೂತಿಗೆ ಹೊಸ ರಬ್ಬರ್ ಬಳೆ. ಕಪ್ಪು ತಂತಿಯ ತುದಿಗೆ ಹೊಸ ಉಂಗುರ ಕಟ್ಟಿ, ಕಾರ್ಖಾನೆಯವರ ಹಳೆಯ ಜಾಗವನ್ನೇ ಹುಡುಕಿ, ಮರಳುಕಾಗದದಿಂದ ಉಜ್ಜಿ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಸ್ವಲ್ಪ ವ್ಯಾಸಲೀನ್ ಸವರಿದೆ. ಪಾತ್ರೆ ಉಜ್ಜಿ ಪಳಗಿದ ಕೈಗೆ ಅದೇನು ದೊಡ್ಡ ಕೆಲಸ! ಒಟ್ಟು ಖರ್ಚು 140 ರೂಪಾಯಿ. ಅಜ್ಜ ದುಡ್ಡು ಮುಟ್ಟಲಿಲ್ಲ. ಎರಡು ಲೋಟ ಕಾಫಿ, ಒಂದು ಡಬ್ಬಿ ಕೋಡುಬಳೆಗೆ ಒಪ್ಪಿಕೊಂಡರು.

ಬ್ಯಾಟರಿ ಕಟ್ಟಿ ಬೀಗ ತಿರುಗಿಸಿದೆ. ಇಂಡಿಕೇಟರ್ ಹಾಕಿದೆ. ಟಿಕ್ ಟಿಕ್ ಎಂದಿತು. ಮುಳ್ಳು ಅಲುಗಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಚೂರುಪಾರು ಪೆಟ್ರೋಲಿಗೆ ತಕ್ಕಂತೆ ಖಾಲಿಯ ಗೆರೆಯ ಸ್ವಲ್ಪ ಮೇಲೆ, ನಾಚಿಕೊಂಡವಳ ಹಾಗೆ ನಿಂತಿತ್ತು. ಅಷ್ಟು ಕಡಿಮೆ ಪೆಟ್ರೋಲ್ ನೋಡಿ ಅಷ್ಟು ಸಂತೋಷಪಟ್ಟವರು ನನ್ನ ಹೊರತು ಇನ್ನೊಬ್ಬರಿರಲಾರರು.

ಸಂಜೆ ಮಗನಿಗೆ ಫೋನ್ ಮಾಡಿ, "ನೆಲ ನಿಜವಾಗಿಯೂ ಡೊಂಕಾಗಿತ್ತು ಕಣೋ" ಎಂದೆ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಪೂರ್ತಿ ಹೇಳಿದೆ, ಬಿಳಿಪಟ್ಟಿಯ ಸಂಗತಿಯನ್ನೂ. ಬಹಳ ಹೊತ್ತು ಸುಮ್ಮನಿದ್ದ. "ಅದನ್ನ ಎಸೀಬೇಡ ಅಮ್ಮ, ಬಂದಾಗ ನೋಡ್ತೀನಿ" ಎಂದ. ಕಾರು ಮಾರುವ ಮಾತು ಅಂದಿನಿಂದ ಎತ್ತಿಲ್ಲ. ಬೊಂಬಾಯಿಯ ಬೀದಿಯಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಪದ್ಮಿನಿಗಳು 2023ರ ಅಕ್ಟೋಬರ್ 30ರಿಂದ ರಸ್ತೆಗೆ ಇಳಿಯುವಂತಿಲ್ಲ ಎಂಬ ಹಳೆಯ ಸುದ್ದಿಯ ತುಣುಕನ್ನು ಮಾತ್ರ ಕಳಿಸಿದ್ದ, "ನಮ್ಮದು ಇನ್ನೂ ಓಡ್ತಿದೆ" ಎಂದು ಬರೆದು.

ನಾನೀಗ ಕೈಗೂಡಿನಲ್ಲಿ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಎಂದು ಎಷ್ಟು ಲೀಟರ್ ಹಾಕಿಸಿದೆ, ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆಯುತ್ತೇನೆ. ಮುಳ್ಳು ಸರಿಯಿದ್ದರೂ ಬರೆಯುತ್ತೇನೆ. ಅಜ್ಜನ ಮೂರು ಮಾತುಗಳನ್ನು ಮೊದಲ ಪುಟದಲ್ಲಿ ಬರೆದಿದ್ದೇನೆ. ಒಂದು, ಹಲವು ಮುಳ್ಳುಗಳು ಒಟ್ಟಿಗೆ ಕೆಟ್ಟರೆ ಮುಳ್ಳುಗಳನ್ನು ಬಯ್ಯಬೇಡಿ, ಎಲ್ಲಕ್ಕೂ ಸೇರಿದ ನೆಲವನ್ನು ನೋಡಿ. ಎರಡು, ಒಂದೊಂದೇ ತುದಿ ಬಿಚ್ಚಿ, ಒಬ್ಬೊಬ್ಬರನ್ನೇ ನಿರಪರಾಧಿ ಎಂದು ಬಿಟ್ಟುಕೊಡುತ್ತ ಬನ್ನಿ. ಮೂರು, ಕಳ್ಳ ಸಿಗುವವರೆಗೆ ಏನನ್ನೂ ಕೊಳ್ಳಬೇಡಿ.

ಇನ್ನೊಂದು ಬದಲಾವಣೆಯೂ ಆಯಿತು. "ಚೆನ್ನಾಗಿದೀರಾ ಅತ್ತೆ?" ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ಕೇಳಿದರೆ ಅವರ ಮುಳ್ಳು ಯಾವಾಗಲೂ ತುಂಬಿದೆ ಎಂದೇ ತೋರಿಸುತ್ತದೆ. ಈಗ ಮಲಗುವ ಮುನ್ನ ಸುಮ್ಮನೆ ಅವರ ಮಾತ್ರೆಯ ಪಟ್ಟಿ ಎಣಿಸುತ್ತೇನೆ, ತಟ್ಟೆಯಲ್ಲಿ ಎಷ್ಟು ಬಿಟ್ಟಿದ್ದಾರೆ ನೋಡುತ್ತೇನೆ, ಕೈ ಹಿಡಿದು ಬೆವರಿದೆಯೇ ಎಂದು ನೋಡುತ್ತೇನೆ. ಅವರಿಗೆ ಇದು ತಿಳಿದುಹೋಗಿದೆ. "ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆಯಾ?" ಎಂದು ನಗುತ್ತಾರೆ.

ಆ ಭಾನುವಾರ ಕೆಲಸ ಮುಗಿದು ಕೈ ತೊಳೆದು ಬಂದಾಗ, ಅವರು ಮಡಿಲಲ್ಲಿದ್ದ ಬಳೆಗಳನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದರು. ನಾನು ಕೈ ಚಾಚಿದರೂ ಕೊಡಲಿಲ್ಲ. "ಕೂತ್ಕೋ" ಎಂದರು. ನನ್ನ ಕೈಯನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು, ಮೊದಲು ಒಂದು ಚಿನ್ನದ್ದು, ಆಮೇಲೆ ಗಾಜಿನವು, ಕೊನೆಗೆ ಇನ್ನೊಂದು ಚಿನ್ನದ್ದು, ಒಂದೊಂದಾಗಿ ತಾವೇ ತೊಡಿಸಿದರು.